ಯಾವ ಸ್ಟ್ಯಾಂಡು, ಯಾವ ಬಣ್ಣ: ಇಂಗ್ಲೆಂಡ್, ಅಮೆರಿಕದಲ್ಲಿ ಮ್ಯಾಚಿಗೆ ಹೋಗುವ ಹೊಸಬರಿಗೆ

ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಟಿಕೆಟ್ ಸಿಕ್ಕಿತು ಅಂತ ಖುಷಿಯಿಂದ ಫೋನ್ ಮಾಡುವ ಹುಡುಗರನ್ನು ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ. ಟಿಕೆಟ್ ಯಾವ ಸ್ಟ್ಯಾಂಡಿನದು? ಏನು ಹಾಕ್ಕೊಂಡು ಹೋಗ್ತೀಯ? ಯಾರ ಮ್ಯಾಚು, ಯಾರು ಗೆಲ್ಲಬಹುದು ಅನ್ನೋದೆಲ್ಲ ಆಮೇಲೆ. ಅಮೆರಿಕದಲ್ಲಿ ನಾಲ್ಕಾರು ವರ್ಷ ಕಳೆದು ಇಲ್ಲಿಗೆ ವರ್ಗವಾಗಿ ಬಂದವರಿಗಂತೂ ಈ ಪ್ರಶ್ನೆಗಳು ವಿಚಿತ್ರ ಅನ್ನಿಸುತ್ತವೆ. ನಾನೂ ನ್ಯೂಜೆರ್ಸಿಯಲ್ಲಿದ್ದು ಆಮೇಲೆ ಮ್ಯಾಂಚೆಸ್ಟರ್ ಕಡೆ ಬಂದು ನೆಲೆಸಿದವನು. ಹೊಸಬರು ಕೇಳಿದಾಗೆಲ್ಲ ಹೇಳುವುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಅಮೆರಿಕದ ಸ್ಟೇಡಿಯಂ ಒಂದು ದೊಡ್ಡ ಮದುವೆ ರಿಸೆಪ್ಷನ್ ಇದ್ದ ಹಾಗೆ. ಯಾರ ಕಡೆಯವರು ಅಂತ ಯಾರೂ ಕೇಳಲ್ಲ. ಬನ್ನಿ, ತಿನ್ನಿ, ಫೋಟೋ ತೆಗೆಸಿಕೊಳ್ಳಿ. ಇಂಗ್ಲೆಂಡಿನ ಫುಟ್‌ಬಾಲ್ ಊರಿನ ತೇರು. ಹಗ್ಗ ಹಿಡಿದು ಎಳೆಯುವವರು ನೋಡಲು ಬಂದವರೇ. ಅವರು ಬಾಯಿ ಬಿಡದಿದ್ದರೆ ಅಲ್ಲಿ ಸದ್ದೇ ಇರಲ್ಲ. ಉಳಿದ ವ್ಯತ್ಯಾಸಗಳೆಲ್ಲ ಹೆಚ್ಚುಕಡಿಮೆ ಇಲ್ಲಿಂದಲೇ ಹುಟ್ಟಿದವು.

ಇಂಗ್ಲೆಂಡಿನಲ್ಲಿ ಕೂರುವ ಜಾಗ

ಅಮೆರಿಕದ ಬೇಸ್‌ಬಾಲಿನಲ್ಲಿ ನ್ಯೂಯಾರ್ಕ್ ಯಾಂಕೀಸ್ ಮೈದಾನಕ್ಕೆ ಅವರ ಬದ್ಧ ಎದುರಾಳಿ ಬಾಸ್ಟನ್ ರೆಡ್ ಸಾಕ್ಸ್ ಟೋಪಿ ಹಾಕ್ಕೊಂಡು ಹೋದರೆ ನಾಲ್ಕು ಜನ ಕಾಲೆಳೆಯುತ್ತಾರೆ, ಅಷ್ಟೇ. ಅವರ ಪಕ್ಕದಲ್ಲೇ ಕೂತು ಮ್ಯಾಚ್ ನೋಡಬಹುದು. ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಹಾಗಿಲ್ಲ. ಬೇರೆ ಊರಿನಿಂದ ಬಂದ ಅಭಿಮಾನಿಗಳಿಗೆ ಒಂದು ಮೂಲೆ ಬೇರೆಯೇ ಇರುತ್ತದೆ. ಅದನ್ನು ಅವೇ ಎಂಡ್ ಅನ್ನುತ್ತಾರೆ. ಇಲ್ಲಿನ ಎಲ್ಲಕ್ಕಿಂತ ಮೇಲಿನ ಲೀಗ್ ಆದ ಪ್ರೀಮಿಯರ್ ಲೀಗ್‌ನ ದೊಡ್ಡ ಮೈದಾನಗಳಲ್ಲಿ ಅಲ್ಲಿ ಸುಮಾರು 3,000 ಜನಕ್ಕೆ ಜಾಗ. ಅವರ ಗೇಟು ಬೇರೆ, ಶೌಚಾಲಯ ಬೇರೆ, ಪೈ ಮಾರುವ ಕೌಂಟರ್ ಬೇರೆ. ನಡುವೆ ಸಾಲಾಗಿ ಹಳದಿ ಜಾಕೆಟ್ಟಿನ ಸ್ಟೀವರ್ಡ್‌ಗಳು, ಅಂದರೆ ಜನರನ್ನು ನೋಡಿಕೊಳ್ಳುವ ಮೈದಾನದ ಸಿಬ್ಬಂದಿ.

ನಿಮ್ಮ ಟಿಕೆಟ್ ಆ ಊರಿನ ತಂಡದವರು ಕೂರುವ ಹೋಮ್ ಸ್ಟ್ಯಾಂಡಿನದಾಗಿದ್ದು ಮೈಮೇಲೆ ಎದುರಾಳಿಯ ಜೆರ್ಸಿ ಇದ್ದರೆ ಗೇಟಿನಲ್ಲೇ ತಡೆಯಬಹುದು. ಒಳಗೆ ಹೋದ ಮೇಲೆ ಗೊತ್ತಾದರೆ ಹೊರಗೆ ಕಳಿಸಬಹುದು. ದುಡ್ಡು ವಾಪಸ್ ಬರಲ್ಲ. ಜೆರ್ಸಿ ಇಲ್ಲದಿದ್ದರೂ, ಎದುರಾಳಿ ಗೋಲು ಹೊಡೆದಾಗ ಎದ್ದು ಕುಣಿದರೆ ಕಥೆ ಅದೇ. ನಮಗೆ ಯಾರೇ ಚೆನ್ನಾಗಿ ಆಡಿದರೂ ಚಪ್ಪಾಳೆ ತಟ್ಟುವ ಅಭ್ಯಾಸ ಅಲ್ವಾ, ಆ ಎರಡು ಗಂಟೆ ಕೈ ಜೇಬಿನಲ್ಲಿರಲಿ. ಗೊತ್ತಿಲ್ಲದಿದ್ದರೆ ಕಪ್ಪು ಅಥವಾ ಬೂದು ಬಣ್ಣದ ಜಾಕೆಟ್ ಹಾಕಿಕೊಂಡು ಹೋಗಿ. ಮೈದಾನದ ಹೊರಗೆ ಎರಡೂ ತಂಡದ ಹೆಸರಿರುವ ಅರ್ಧರ್ಧ ಸ್ಕಾರ್ಫ್ ಮಾರುತ್ತಿರುತ್ತಾರೆ. ನೆನಪಿಗಿರಲಿ ಅಂತ ಕೊಂಡರೆ ಚೀಲದೊಳಗೆ ಇಟ್ಟುಕೊಳ್ಳಿ. ಅದನ್ನು ಕುತ್ತಿಗೆಗೆ ಸುತ್ತಿಕೊಂಡವರನ್ನು ಇಲ್ಲಿನವರು ಪ್ರವಾಸಿಗರ ಲೆಕ್ಕಕ್ಕೆ ಹಾಕುತ್ತಾರೆ.

ಸಹೋದ್ಯೋಗಿ ತನ್ನ ಮನೆಯವರ ಸೀಸನ್ ಟಿಕೆಟ್ ಮೇಲೆ ನಿಮ್ಮನ್ನು ಕರೆದುಕೊಂಡು ಹೋದ ಅಂತಿಟ್ಟುಕೊಳ್ಳಿ. ಆ ಸಾಲಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಪಕ್ಕದ ಮುದುಕರು ನಿಮ್ಮನ್ನು ನೋಡಿ ಮೊದಲು ಕೇಳುವುದು, "ಅವನ ಅಣ್ಣ ಎಲ್ಲಿ, ಹುಷಾರಾಗಿದ್ದಾನಾ?" ಆಮೇಲೆ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು, ಪೆಪ್ಪರ್‌ಮೆಂಟಿನ ಪೊಟ್ಟಣ ನಿಮ್ಮ ಕಡೆ ಚಾಚುತ್ತಾರೆ. ಅಷ್ಟು ಹೊತ್ತು ಮೆತ್ತಗೆ ಮಾತಾಡಿದ ಮನುಷ್ಯ ರೆಫರಿ ಸೀಟಿ ಊದಿದ ಕೂಡಲೇ ಎದ್ದು ಬೈಯುವ ಬೈಗುಳಕ್ಕೆ ನಿಮ್ಮ ಕಿವಿ ಕೆಂಪಾಗುತ್ತದೆ. ಹಾಫ್‌ಟೈಮಿಗೆ ಮತ್ತೆ ಪೆಪ್ಪರ್‌ಮೆಂಟು. ಇದು ನಿಮ್ಮ ಮೇಲಿನ ಸಿಟ್ಟಲ್ಲ, ಹೆದರಬೇಡಿ. ಆದರೆ ಮೈಬಣ್ಣದ ಬಗ್ಗೆ, ಜನಾಂಗದ ಬಗ್ಗೆ ಯಾರಾದರೂ ಕೂಗಿದರೆ ಅದು ಬೇರೆ ವಿಷಯ. 1991ರಿಂದ ಅದು ಕಾನೂನಿನ ಪ್ರಕಾರ ಅಪರಾಧ. ಸುಮ್ನೆ ಸಹಿಸಿಕೊಳ್ಳಬೇಡಿ. ಸ್ಟೀವರ್ಡ್‌ಗೆ ಸೀಟ್ ನಂಬರ್ ಹೇಳಿ.

ಇಷ್ಟು ಬಿಗಿ ಯಾಕೆ ಅಂದರೆ, ಎಪ್ಪತ್ತು ಎಂಬತ್ತರ ದಶಕದಲ್ಲಿ ಇಲ್ಲಿ ಹೊಡೆದಾಟ ಅಷ್ಟಿತ್ತು. ಅದಕ್ಕಿಂತ ಆಳವಾದ ಗಾಯ ಇನ್ನೊಂದಿದೆ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಲಿವರ್‌ಪೂಲ್ ಅಭಿಮಾನಿಗಳು ಸತ್ತರು. ಒಟ್ಟು 97 ಜನ. ತಪ್ಪು ಅಭಿಮಾನಿಗಳದೇ ಅಂತ ಪೊಲೀಸರು, ಕೆಲವು ಪತ್ರಿಕೆಗಳು ಹೇಳಿದವು. ಅವರದು ತಪ್ಪಿರಲಿಲ್ಲ ಅಂತ ತೀರ್ಪು ಬರಲು 2016ರವರೆಗೆ ಕಾಯಬೇಕಾಯಿತು. ಆ ದುರಂತದ ನಂತರವೇ ದೊಡ್ಡ ಮೈದಾನಗಳಲ್ಲಿ ನಿಂತು ನೋಡುವುದನ್ನು ನಿಲ್ಲಿಸಿ ಎಲ್ಲ ಕಡೆ ಸೀಟು ಹಾಕಿಸಿದ್ದು. ಲಿವರ್‌ಪೂಲ್‌ನಲ್ಲಿ ಇವತ್ತಿಗೂ ಎಷ್ಟೋ ಜನ ಹಾಗೆ ಬರೆದ 'ದಿ ಸನ್' ಪತ್ರಿಕೆ ಮುಟ್ಟಲ್ಲ. ಆ ಊರಿನವರ ಮುಂದೆ ಈ ವಿಷಯದಲ್ಲಿ ಅಪ್ಪಿತಪ್ಪಿಯೂ ತಮಾಷೆ ಬೇಡ. 2025ರ ಜೂನ್‌ನಲ್ಲಿ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ 11 ಜನರನ್ನು ಕಳೆದುಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾನೂನಿನ ಮಾತು ಇನ್ನೆರಡು. ಒಂದು, ಬಿಯರ್. 1985ರ ಕಾನೂನಿನ ಪ್ರಕಾರ ದೊಡ್ಡ ಲೀಗುಗಳ ಫುಟ್‌ಬಾಲ್ ಮ್ಯಾಚಿನಲ್ಲಿ ಮೈದಾನ ಕಣ್ಣಿಗೆ ಕಾಣುವ ಜಾಗದಲ್ಲಿ ಕುಡಿಯುವ ಹಾಗಿಲ್ಲ. ಅದಕ್ಕೇ ಹಾಫ್‌ಟೈಮಿನಲ್ಲಿ ಎಲ್ಲರೂ ಸ್ಟ್ಯಾಂಡಿನ ಹಿಂದೆ ಓಡಿ, ಹದಿನೈದು ನಿಮಿಷದಲ್ಲಿ ಗಟಗಟ ಅಂತ ಮುಗಿಸಿ ಬರುವುದು. ಎರಡು, ಟಿಕೆಟ್. ಅಮೆರಿಕದಲ್ಲಿ ಬೇಡವಾದ ಟಿಕೆಟನ್ನು ಸ್ಟಬ್‌ಹಬ್‌ನಂಥ ಆ್ಯಪಿನಲ್ಲಿ ಮಾರಿ ಲಾಭ ಮಾಡಿಕೊಳ್ಳುವುದು ದಿನನಿತ್ಯದ ವ್ಯವಹಾರ. ಇಲ್ಲಿ ಕ್ಲಬ್ಬಿನ ಒಪ್ಪಿಗೆ ಇಲ್ಲದೆ ಫುಟ್‌ಬಾಲ್ ಟಿಕೆಟ್ ಮಾರುವುದು 1994ರಿಂದ ಅಪರಾಧ. ಕೊಂಡ ಬೆಲೆಗೇ ಕೊಡ್ತೀನಿ ಅಂತ ನಮ್ಮ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಹಾಕುವವರೂ ಇದನ್ನು ಗಮನಿಸಿ. ಕ್ಲಬ್ಬಿನದೇ ಮರುಮಾರಾಟದ ವ್ಯವಸ್ಥೆ ಇರುತ್ತದೆ, ಅಲ್ಲೇ ಹಾಕಿ.

ಅಮೆರಿಕದ ಪಾರ್ಕಿಂಗ್ ಲಾಟ್

ಅಮೆರಿಕದ ಫುಟ್‌ಬಾಲೇ ಬೇರೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಅದರ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್ ಮ್ಯಾಚಿಗೆ ಕರೆದರೆ, ಮ್ಯಾಚ್ ಶುರುವಾಗುವ ಹೊತ್ತಿಗೆ ಸರಿಯಾಗಿ ಹೋಗಬೇಡಿ. ಅರ್ಧ ಹಬ್ಬ ಮುಗಿದುಹೋಗಿರುತ್ತದೆ. ಮೂರು ನಾಲ್ಕು ಗಂಟೆ ಮುಂಚೆಯೇ ಪಾರ್ಕಿಂಗ್ ಲಾಟಿನಲ್ಲಿ ಟೇಲ್‌ಗೇಟ್ ಶುರು. ಪಿಕಪ್ ಟ್ರಕ್ಕಿನ ಹಿಂಬಾಗಿಲು ಇಳಿಸಿ, ಗ್ರಿಲ್ ಹಚ್ಚಿ, ಮಡಚುವ ಕುರ್ಚಿ ಹಾಕಿ, ಹಲಗೆಯ ತೂತಿಗೆ ಕಾಳಿನ ಚೀಲ ಎಸೆಯುವ ಆಟ ಆಡುತ್ತಿರುತ್ತಾರೆ. ಪಕ್ಕದ ಕಾರಿನವನು, ಹೆಸರೂ ಗೊತ್ತಿಲ್ಲದವನು, ನಿಮ್ಮ ಕೈಗೆ ತಟ್ಟೆ ಕೊಟ್ಟು "ಬಿಸಿಯಿದೆ, ತಗೋ" ಅನ್ನುತ್ತಾನೆ. ಎದುರಾಳಿ ಜೆರ್ಸಿ ಹಾಕಿದವನಿಗೆ ಎರಡು ಮಾತು ಚುಚ್ಚಿ, ಆಮೇಲೆ ಅವನಿಗೂ ತಟ್ಟೆ. ಬರಿಗೈಲಿ ಹೋಗಬೇಡಿ, ಏನಾದರೂ ತಗೊಂಡು ಹೋಗಿ. ನಮ್ಮವರು ಮಸಾಲೆ ಹಚ್ಚಿದ ಜೋಳದ ತೆನೆ ತಂದರೆ ಗ್ರಿಲ್ ಮುಂದೆ ಕ್ಯೂ ನಿಲ್ಲುವುದನ್ನು ನೋಡಿದ್ದೇನೆ.

ಒಳಗೆ ಹೋಗುವಾಗ ಪಾರದರ್ಶಕ ಚೀಲ ಬೇಕು. ಎನ್‌ಎಫ್‌ಎಲ್‌ನಲ್ಲಿ 2013ರಿಂದ ಈ ನಿಯಮ. ಹೆಣ್ಣುಮಕ್ಕಳ ದೊಡ್ಡ ಹ್ಯಾಂಡ್‌ಬ್ಯಾಗು, ಮಗುವಿನ ಬೆನ್ನುಚೀಲ ಎಲ್ಲ ಕಾರಿನಲ್ಲೇ. ರಾಷ್ಟ್ರಗೀತೆ ಪ್ರತಿ ಮ್ಯಾಚಿಗೂ ಇರುತ್ತದೆ, ಎದ್ದು ನಿಂತು ಟೋಪಿ ತೆಗೆಯಿರಿ. ಆಮೇಲೆ ನಿಮಗೆ ಕೆಲಸವಿಲ್ಲ. ಯಾವಾಗ ಕೂಗಬೇಕು ಅಂತ ದೊಡ್ಡ ಪರದೆಯೇ ಹೇಳುತ್ತದೆ. ಬೇಸ್‌ಬಾಲಿನಲ್ಲಿ ಆರ್ಗನ್ ನುಡಿಸಿ ಕೂಗಿಸುತ್ತಾರೆ. ಇಂಗ್ಲೆಂಡಿನವರಿಗೆ ಇದನ್ನು ಕಂಡರೆ ನಗು. ಪರದೆ ನೋಡಿ ಕೂಗೋದೂ ಒಂದು ಅಭಿಮಾನವಾ ಅಂತ. ನನಗೆ ಮಾತ್ರ ಚಿಕ್ಕ ಮಕ್ಕಳಿರುವ ಸಂಸಾರಕ್ಕೆ ಅಮೆರಿಕದ ವ್ಯವಸ್ಥೆಯೇ ಸಲೀಸು ಅನ್ನಿಸಿದೆ. ನಡುವೆ ಎದ್ದು ಓಡಾಡಬಹುದು. ತಡವಾಗಿ ಬಂದು ಬೇಗ ಹೊರಟರೂ ಯಾರೂ ಹುಬ್ಬೇರಿಸಲ್ಲ. ಬೇಸ್‌ಬಾಲ್ ಚೆಂಡು ಸ್ಟ್ಯಾಂಡಿಗೆ ಬಂದು ಬಿದ್ದರೆ ಅದು ನಿಮ್ಮದೇ, ಮನೆಗೆ ತರಬಹುದು. ಇಂಗ್ಲೆಂಡಿನಲ್ಲಿ ಫುಟ್‌ಬಾಲನ್ನು ವಾಪಸ್ ಎಸೆಯಬೇಕು.

ಸಸ್ಯಾಹಾರಿಗಳಿಗೆ ಒಂದು ಮಾತು. ಅಮೆರಿಕದಲ್ಲಿ ಪ್ರೆಟ್ಜೆಲ್, ನಾಚೋಸ್, ಸ್ಯಾನ್‌ಫ್ರಾನ್ಸಿಸ್ಕೋದಲ್ಲಾದರೆ ಬೆಳ್ಳುಳ್ಳಿ ಹಾಕಿದ ಫ್ರೈಸ್. ಇಂಗ್ಲೆಂಡಿನಲ್ಲಿ ಚೀಸ್ ಮತ್ತು ಈರುಳ್ಳಿಯ ಪೈ ಇದೆಯಾ ಅಂತ ಕೇಳಿ. ಚಳಿಗೆ ಬಿಸಿಬಿಸಿಯಾಗಿ ಲೋಟದಲ್ಲಿ ಕೊಡುವ ಬೋವ್ರಿಲ್ ನೋಡಿ ಸಾರು ಅಂತ ಕುಡಿಯಬೇಡಿ. ಅದು ದನದ ಮಾಂಸದ ರಸ.

ಟೀಮ್ ಬದಲಾಯಿಸುವ ಪ್ರಶ್ನೆ

ಡಲ್ಲಾಸಿನಿಂದ ಚಿಕಾಗೋಗೆ ಕೆಲಸ ಬದಲಾಯಿತು, ಟೀಮೂ ಬದಲಾಯಿಸಿದೆ ಅಂದರೆ ಅಮೆರಿಕದಲ್ಲಿ ಸ್ವಲ್ಪ ಗೇಲಿ ಮಾಡಿ ಬಿಟ್ಟುಬಿಡುತ್ತಾರೆ. ಇಂಗ್ಲೆಂಡಿನಲ್ಲಿ ಧರ್ಮ ಬದಲಾಯಿಸಿದರೂ ಕ್ಷಮಿಸಿಯಾರು, ಕ್ಲಬ್ ಬದಲಾಯಿಸಿದರೆ ಇಲ್ಲ. ಮ್ಯಾಂಚೆಸ್ಟರಿನಲ್ಲಿ ಶಾಲೆಗೆ ಸೇರಿದ ವಾರದಲ್ಲೇ ನಿಮ್ಮ ಮಗುವನ್ನು ಕೇಳುತ್ತಾರೆ, ಕೆಂಪೋ ನೀಲಿಯೋ, ಅಂದರೆ ಯುನೈಟೆಡ್ಡೋ ಸಿಟಿಯೋ ಅಂತ. ಅದು ಹೇಳಿದ ಉತ್ತರ ಕೊನೆಯವರೆಗೂ ಅಂಟಿಕೊಳ್ಳುತ್ತದೆ.

ಇದರ ಹಿಂದೆ ಒಂದು ಲೆಕ್ಕಾಚಾರ ಇದೆ. ಅಮೆರಿಕದ ತಂಡ ಒಬ್ಬ ಮಾಲೀಕನ ಫ್ರಾಂಚೈಸಿ. ಬೇರೆ ಊರು ಒಳ್ಳೆಯ ಸ್ಟೇಡಿಯಂ ಕೊಡುತ್ತೇನೆ ಅಂದರೆ ತಂಡವೇ ಗಂಟುಮೂಟೆ ಕಟ್ಟಬಹುದು. 1984ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ತಂಡದ ಸಾಮಾನನ್ನು ರಾತ್ರೋರಾತ್ರಿ ಲಾರಿಗಳಿಗೆ ತುಂಬಿ ಇಂಡಿಯಾನಾಪೊಲಿಸ್‌ಗೆ ಸಾಗಿಸಿದರು. ಈಚೆಗೆ ಓಕ್‌ಲ್ಯಾಂಡ್ ಊರು ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲ್, ಬೇಸ್‌ಬಾಲ್ ಮೂರೂ ತಂಡ ಕಳೆದುಕೊಂಡಿತು. ಫ್ರೀಮಾಂಟ್ ಕಡೆಯ ಕನ್ನಡಿಗರು ಇದನ್ನು ಕಣ್ಣಾರೆ ಕಂಡಿದ್ದಾರೆ.

ಇಂಗ್ಲೆಂಡಿನಲ್ಲಿ ಇದೇ ಆದಾಗ ಏನಾಯಿತು ನೋಡಿ. ವಿಂಬಲ್ಡನ್ ಕ್ಲಬ್ಬನ್ನು ದೂರದ ಮಿಲ್ಟನ್ ಕೀನ್ಸ್‌ಗೆ ಒಯ್ಯಲು 2002ರಲ್ಲಿ ಅನುಮತಿ ಸಿಕ್ಕಿತು. ಅಭಿಮಾನಿಗಳು ಹೊಸ ಊರಿಗೆ ಹಿಂಬಾಲಿಸಲಿಲ್ಲ. ವಿಂಬಲ್ಡನ್ ಬಯಲಿನಲ್ಲಿ ಆಟಗಾರರನ್ನು ಕರೆದು ಆಯ್ಕೆ ನಡೆಸಿ, ತಾವೇ ಎಎಫ್‌ಸಿ ವಿಂಬಲ್ಡನ್ ಅಂತ ಕ್ಲಬ್ ಕಟ್ಟಿದರು. ಒಂಬತ್ತನೇ ಹಂತದಿಂದ ಶುರು. 2011ರಲ್ಲಿ ನಾಲ್ಕನೇ ಹಂತಕ್ಕೆ, ಅಂದರೆ ಫುಟ್‌ಬಾಲ್ ಲೀಗ್‌ಗೆ ಹತ್ತಿದರು. 2020ರಲ್ಲಿ ತಮ್ಮ ಹಳೆಯ ಪ್ಲೋ ಲೇನ್ ಬೀದಿಯಲ್ಲೇ ಹೊಸ ಮೈದಾನ ಮಾಡಿಕೊಂಡು ಮನೆಗೆ ಬಂದರು. ಮಿಲ್ಟನ್ ಕೀನ್ಸ್ ತಂಡದ ಹೆಸರನ್ನು ಪೂರ್ತಿ ಹೇಳಲೂ ಒಪ್ಪದ ಜನ ಅಲ್ಲಿ ಈಗಲೂ ಇದ್ದಾರೆ.

ಇನ್ನೊಂದು, ಕೆಳಗಿಳಿಯುವ ಭಯ. ಪ್ರೀಮಿಯರ್ ಲೀಗ್‌ನಲ್ಲಿ ಕೊನೆಯ ಮೂರು ತಂಡ ಪ್ರತಿ ವರ್ಷ ಕೆಳಗಿನ ಲೀಗ್‌ಗೆ ಜಾರುತ್ತವೆ. ಹಾಗಾಗಿ ಕೊನೆಯಿಂದ ನಾಲ್ಕನೇ ಸ್ಥಾನಕ್ಕೂ ಜನ ಕಣ್ಣೀರು ಹಾಕಿ ಕುಣಿಯುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ಕೊನೆಗೆ ಬಂದವರಿಗೆ ಮುಂದಿನ ಸಲ ಒಳ್ಳೆಯ ಹೊಸ ಆಟಗಾರನನ್ನು ಮೊದಲು ಆರಿಸುವ ಅವಕಾಶ. ಅಲ್ಲಿ ಡಿಸೆಂಬರ್ ಹೊತ್ತಿಗೆ ತಮ್ಮ ತಂಡ ಸೋತರೇ ಒಳ್ಳೆಯದು ಅನ್ನುವ ಅಭಿಮಾನಿಯೂ ಸಿಗುತ್ತಾನೆ.

ಅಮೆರಿಕದಲ್ಲಿ ಬ್ರಿಟನ್ನಿನಂಥ ಅಂಟು ನೋಡಬೇಕಿದ್ದರೆ ಕಾಲೇಜು ಫುಟ್‌ಬಾಲಿಗೆ ಹೋಗಿ. ಕಾಲೇಜು ಊರು ಬಿಟ್ಟು ಓಡಲ್ಲ. ಮಿಶಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ, ಅಜ್ಜ ಮೊಮ್ಮಗಳು ಒಂದೇ ಬಣ್ಣದ ಸ್ವೆಟರ್‌ನಲ್ಲಿ. ಓದಲು ಹೋದವರು ವಿದ್ಯಾರ್ಥಿ ಟಿಕೆಟ್ ಇರುವಾಗಲೇ ಒಮ್ಮೆ ನೋಡಿಬಿಡಿ.

ನಮ್ಮ ಐಪಿಎಲ್ ಕಟ್ಟಿದ್ದು ಅಮೆರಿಕದ ಫ್ರಾಂಚೈಸಿ ಮಾದರಿಯಲ್ಲಿ. ಆರ್‌ಸಿಬಿ ಅಭಿಮಾನಿ ಮಾತ್ರ ಪಕ್ಕಾ ಇಂಗ್ಲೆಂಡಿನ ತಳಿ. 2008ರಿಂದ 2024ರವರೆಗೆ ಒಂದೂ ಐಪಿಎಲ್ ಕಪ್ ಬಾರದೆ, ಪ್ರತಿ ವರ್ಷ 'ಈ ಸಲ ಕಪ್ ನಮ್ದೇ' ಅಂದುಕೊಂಡು ಕೂತವರು ನಾವು. ಆಫೀಸಿನಲ್ಲಿ ಇಂಗ್ಲೆಂಡಿನವರಿಗೆ ಇದನ್ನು ಹೇಳಿ ನೋಡಿ. ಒಡನೆಯೇ ಭುಜ ತಟ್ಟುತ್ತಾರೆ. ಗೆಲ್ಲುವ ತಂಡದ ಹೊಸ ಜೆರ್ಸಿ ತೊಟ್ಟವನಿಗಿಂತ ಸೋಲು ಉಂಡವನ ಮೇಲೆ ಅವರಿಗೆ ಗೌರವ ಜಾಸ್ತಿ.

ಕ್ರಿಕೆಟ್, ಗ್ಲಾಸ್ಗೋ, ಟಿವಿ

ಇಂಗ್ಲೆಂಡಿನ ಕ್ರಿಕೆಟ್ಟಿಗೆ ಮೇಲಿನ ಯಾವ ಬಿಗಿಯೂ ಇಲ್ಲ. 2025ರ ಸರಣಿಯಲ್ಲಿ ಲಾರ್ಡ್ಸ್‌ನಲ್ಲಿ ನಮ್ಮ ರಾಹುಲ್ ಶತಕ ಹೊಡೆದಾಗ, ಓವಲ್‌ನಲ್ಲಿ ಪ್ರಸಿದ್ಧ್ ಕೃಷ್ಣ ವಿಕೆಟ್ ಕಿತ್ತಾಗ ತ್ರಿವರ್ಣ ಧ್ವಜದ ಪಕ್ಕದಲ್ಲೇ ಇಂಗ್ಲೆಂಡಿನವರು ಕೂತಿದ್ದರು. ಎಜ್‌ಬಾಸ್ಟನ್‌ನ ಹೊಲೀಸ್ ಸ್ಟ್ಯಾಂಡಿನಲ್ಲಂತೂ ಸಂಜೆಯಾದರೆ ವೇಷ ಹಾಕಿದ ಗುಂಪುಗಳದೇ ಗದ್ದಲ. ರಗ್ಬಿಯಲ್ಲೂ ಎಲ್ಲರೂ ಬೆರೆತು ಕೂರುತ್ತಾರೆ, ಬಿಯರ್ ಸೀಟಿಗೇ ತರಬಹುದು. ಇದನ್ನು ನೋಡಿ ಫುಟ್‌ಬಾಲೂ ಹೀಗೇ ಅಂದುಕೊಂಡು ಹೋಗಬೇಡಿ.

ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗುವವರು ಇನ್ನೂ ಎಚ್ಚರ. ಅಲ್ಲಿನ ಎರಡು ಫುಟ್‌ಬಾಲ್ ಕ್ಲಬ್ಬುಗಳಲ್ಲಿ ಸೆಲ್ಟಿಕ್ ಹಸಿರು, ರೇಂಜರ್ಸ್ ನೀಲಿ. ಅದರ ಹಿಂದೆ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಹಳೆಯ ಜಗಳ ಇದೆ. ಅವೆರಡರ ಮ್ಯಾಚಿರುವ ದಿನ ಎರಡೂ ಬಣ್ಣದ ಅಂಗಿ ಬೀರುವಿನಲ್ಲೇ ಇರಲಿ. ನೀವು ಯಾರ ಕಡೆ ಅಂತ ಪಬ್ಬಿನಲ್ಲಿ ಕೇಳಿದರೆ ಆರ್‌ಸಿಬಿ ಅಂದುಬಿಡಿ.

ಟಿವಿ ವಿಷಯ ಎಲ್ಲರೂ ಕೇಳುತ್ತಾರೆ. ಎಲ್ಲ ಚಾನೆಲ್ಲಿಗೂ ದುಡ್ಡು ಕಟ್ಟಿದರೂ ಶನಿವಾರ ಮೂರು ಗಂಟೆಯ ಮ್ಯಾಚ್ ಬರಲ್ಲ. ಮಧ್ಯಾಹ್ನ 2.45ರಿಂದ 5.15ರವರೆಗೆ ಇಲ್ಲಿ ಫುಟ್‌ಬಾಲ್ ನೇರಪ್ರಸಾರವೇ ಇಲ್ಲ. ಅದೇ ಮ್ಯಾಚನ್ನು ಬೆಂಗಳೂರಿನ ತಮ್ಮ, ಡಲ್ಲಾಸಿನ ಭಾವ ಆರಾಮಾಗಿ ನೋಡುತ್ತಿರುತ್ತಾರೆ. ಜನ ಸೋಫಾ ಬಿಟ್ಟು ತಮ್ಮ ಊರಿನ ಸಣ್ಣ ಮೈದಾನಕ್ಕೆ ಹೋಗಲಿ ಅನ್ನೋದು ಇದರ ಉದ್ದೇಶ.

ಹೊಸಬರು ಮಾಡಬೇಕಾದ್ದೂ ಅದೇ. ಪ್ರೀಮಿಯರ್ ಲೀಗ್ ಟಿಕೆಟಿಗೆ ಕ್ಲಬ್ ಸದಸ್ಯತ್ವ, ಸರದಿ, ಲಾಟರಿ ಎಲ್ಲ ಬೇಕಾಗಬಹುದು. ನಿಮ್ಮ ಬಸ್ ಸಿಗುವ ದೂರದಲ್ಲಿ ಕೆಳಗಿನ ಲೀಗಿನ ಒಂದು ಕ್ಲಬ್ ಇದ್ದೇ ಇರುತ್ತದೆ. ಎಷ್ಟೋ ಕಡೆ ಗೇಟಿನಲ್ಲೇ ದುಡ್ಡು ಕೊಟ್ಟು ಒಳಗೆ ಹೋಗಬಹುದು. ಮಕ್ಕಳಿದ್ದರೆ ಮಹಿಳೆಯರ ಲೀಗ್ ಮ್ಯಾಚಿನಿಂದ ಶುರು ಮಾಡಿ, ಬೈಗುಳ ಕಮ್ಮಿ. ಅಮೆರಿಕದಲ್ಲಾದರೆ ಬೇಸ್‌ಬಾಲ್. ಒಂದು ತಂಡಕ್ಕೆ ವರ್ಷಕ್ಕೆ 162 ಮ್ಯಾಚು, ಅದರಲ್ಲಿ ಅರ್ಧ ಊರಲ್ಲೇ. ವಾರದ ನಡುವೆ ಅಗ್ಗದ ಟಿಕೆಟ್ ಸಿಗುತ್ತದೆ. ಬೇಸಿಗೆ ಬಿಸಿಲಿಗೆ ಟೋಪಿ ಮರೆಯಬೇಡಿ. ಇಂಗ್ಲೆಂಡಿನಲ್ಲಿ ಜನವರಿಯಲ್ಲಿ ಹೋಗುವವರು ಜಾಕೆಟ್ ಬಗ್ಗೆ ಮಾತ್ರ ಯೋಚಿಸುತ್ತಾರೆ, ಕಾಲಿನ ಬಗ್ಗೆ ಅಲ್ಲ. ಕಾಂಕ್ರೀಟ್ ಮೇಲೆ ಎರಡು ಗಂಟೆ ನಿಂತರೆ ಚಳಿ ಅಂಗಾಲಿನಿಂದ ಹತ್ತುತ್ತದೆ. ಉಣ್ಣೆಯ ಕಾಲುಚೀಲ ಎರಡು ಜೊತೆ, ಒಂದರ ಮೇಲೊಂದು.