ಬೆರಳ ಬೆವರಿಗೆ ಹಳದಿ ಮೀಟರ್

ತಿಪಟೂರಿನಲ್ಲಿ ಟಿ.ವಿ., ಮಿಕ್ಸಿ, ಸ್ಟೆಬಿಲೈಸರ್ ರಿಪೇರಿ ಮಾಡಿಕೊಂಡೇ ತಲೆ ನರೆತವನು ನಾನು. ಹೋದ ದೀಪಾವಳಿಗೆ ಬಂದ ಅಳಿಯಂದಿರ ವಾಚು ‘ಸ್ಟ್ರೆಸ್ 71’ ಅಂತ ತೋರಿಸಿತು. ಹೋಳಿಗೆ ಊಟ ಮಾಡಿ ಚಾಪೆ ಮೇಲೆ ಒರಗಿದವರಿಗೆ ಎಂಥ ಸ್ಟ್ರೆಸ್ಸು? ಅಂಥ ವಾಚುಗಳು ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು ನಾಡಿ ಹಿಡಿಯುತ್ತವೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಎಷ್ಟು ಹೆಚ್ಚುಕಮ್ಮಿ ಆಗುತ್ತದೆ ಅನ್ನುವುದರ ಮೇಲೆ ಹೆಚ್ಚಾಗಿ ಅವುಗಳ ಲೆಕ್ಕ. ಹೊಟ್ಟೆ ಬಿರಿಯ ಉಂಡರೂ ನಾಡಿ ಏರುತ್ತದೆ, ಅದು ವಾಚಿಗೆ ಗೊತ್ತಾಗಬೇಕಲ್ಲ. ಬಿಚ್ಚಿ ನೋಡೋಣವೆಂದರೆ ಅಳಿಯಂದಿರು ಕೊಡಲಿಲ್ಲ. ಉದ್ವೇಗಕ್ಕೆ ಬೆರಳು ಬೆವರಿದರೆ ಚರ್ಮದ ರೋಧ, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಇಳಿಯುತ್ತದೆ. ಅದನ್ನು ಅಳೆಯೋಣವೆಂದು ಅಂಗಡಿಯ ಮೀಟರನ್ನೇ ಬೆರಳಿಗೆ ಕಟ್ಟಿ ನೋಡಿದೆ. ನೀವೂ ನೋಡಬಹುದು.

ಬೇಕಾದದ್ದು ಡಿಟಿ-830ಡಿ ಥರದ ಹಳದಿ ಮಲ್ಟಿಮೀಟರ್, ಎರಡು ಕ್ಲಿಪ್ ವೈರು, ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್, ಒಂದಿಷ್ಟು ಟೇಪು. ಕೈ ತೊಳೆದು ಒರೆಸಿ ಹತ್ತು ನಿಮಿಷ ಸುಮ್ಮನೆ ಕೂರಿ. ಎಡಗೈಯ ತೋರುಬೆರಳು, ನಡುಬೆರಳುಗಳ ತುದಿಗೆ ಎರಡು ಸೆಂಟಿಮೀಟರ್ ಅಗಲದ ಫಾಯಿಲ್ ಪಟ್ಟಿ ಸುತ್ತಿ ಟೇಪು ಹಾಕಿ. ಬೆರಳು ಕೆಂಪಾಗುವಷ್ಟು ಬಿಗಿ ಬೇಡ. ಪಟ್ಟಿಗಳು ಒಂದಕ್ಕೊಂದು ತಾಗಬಾರದು. ಕ್ಲಿಪ್ ಸಿಕ್ಕಿಸಿ ಮೀಟರಿನ ಗುಂಡಿಯನ್ನು ರೋಧ ಅಳೆಯುವ ಓಮ್ ಭಾಗದ 2000ಕೆಗೆ, ಅಂದರೆ 2000 ಕಿಲೋ ಓಮ್‌ಗೆ, ತಿರುಗಿಸಿ. ಎಡತುದಿಯಲ್ಲಿ ಬರೀ ‘1’ ನಿಂತರೆ ಫಾಯಿಲ್ ಸರಿಯಾಗಿ ಕೂತಿಲ್ಲ, ಇಲ್ಲವೇ ಕೈ ತೀರಾ ಒಣಗಿದೆ.

ಮೀಟರ್ ಬ್ಯಾಟರಿಯದ್ದೇ ಆಗಿರಲಿ. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಯಾವುದಕ್ಕೂ, ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪಿಗೂ, ಮೈಯಿಂದ ವೈರು ಎಳೆಯಬೇಡಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರಿಗೆ ಈ ಆಟ ಬೇಡವೇ ಬೇಡ.

ಕೈಯನ್ನು ಅಂಗಾತ ತೊಡೆಯ ಮೇಲೆ ಬಿಡಿ. ನಾನು ಮೊದಲ ದಿನ ಎಡವಿದ್ದು ಇಲ್ಲೇ. ಅಂಕಿ ದಡದಡ ಇಳಿಯಿತು ಅಂತ ಖುಷಿಪಟ್ಟೆ. ನೋಡಿದರೆ ಬೆರಳಿನಿಂದ ಫಾಯಿಲ್ ಒತ್ತುತ್ತಿದ್ದೆ. ಒತ್ತಿದರೆ ಸಂಪರ್ಕ ಹೆಚ್ಚಿ ರೋಧ ಇಳಿಯುತ್ತದೆ, ಮನಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಫಾಯಿಲ್ ಬೇರೆ, ಹೊತ್ತು ಹೋದಂತೆ ತಾನೇ ಅಂಕಿಯನ್ನು ಮೆಲ್ಲಗೆ ಜಾರಿಸುತ್ತದೆ. ಅದಕ್ಕೇ ಪ್ರಯೋಗಾಲಯದವರು ಫಾಯಿಲ್ ಬದಲು ಬೆಳ್ಳಿ–ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡ್ ಬಳಸುವುದು. ಮೆಲ್ಲಗೆ ಜಾರುವುದನ್ನು ಬಿಡಿ, ಥಟ್ಟನೆ ಬೀಳುವುದನ್ನು ಹಿಡಿಯಿರಿ.

ಯಾರಾದರೂ ಹಿಂದಿನಿಂದ ಚಪ್ಪಾಳೆ ತಟ್ಟಲಿ. ಒಂದರಿಂದ ಮೂರು ಸೆಕೆಂಡ್ ತಡವಾಗಿ ಅಂಕಿ ಬೀಳುತ್ತದೆ, ಆಮೇಲೆ ನಿಧಾನಕ್ಕೆ ಮೇಲೇರುತ್ತದೆ. ಅಂಗೈ, ಅಂಗಾಲಿನ ಬೆವರಿಗೆ ಬಿಸಿಲಿಗಿಂತ ಮನಸ್ಸಿನ ಉದ್ವೇಗವೇ ಹೆಚ್ಚು ಕಾರಣ. ಬೆವರಿನ ಗ್ರಂಥಿಗೆ ನರ ಸುದ್ದಿ ಮುಟ್ಟಿಸಿ, ಅದು ಉಪ್ಪುನೀರು ತುಂಬಿಕೊಳ್ಳುವುದಕ್ಕೆ ಅಷ್ಟು ಹೊತ್ತು. ಉಪ್ಪುನೀರು ಬಂದರೆ ಕರೆಂಟಿಗೆ ದಾರಿ ಸಲೀಸು. ಫ್ರಾನ್ಸಿನ ವೈದ್ಯ ಶಾರ್ಲ್ ಫೆರೆ 1888ರಲ್ಲೇ ಇದನ್ನು ಗಮನಿಸಿದ್ದ.

ನಮ್ಮ ಮನೆಯವಳ ಬೆರಳಿಗೆ ಕಟ್ಟಿದಾಗ 620 ಕಿಲೋ ಓಮ್ ಇತ್ತು. ಕುಕ್ಕರ್ ಕೂಗಿತು, 560. ಮತ್ತೆ ಏರುತ್ತಿದ್ದದ್ದು ಯಾವ ಸದ್ದೂ ಇಲ್ಲದೆ 510ಕ್ಕೆ ಬಿತ್ತು. ಏನಾಯಿತೆಂದರೆ, “ಅಯ್ಯೋ, ಹಾಲು ಒಲೆ ಮೇಲಿದೆ ಕಣ್ರೀ!” ಅಂತ ವೈರು ಸಮೇತ ಎದ್ದಳು. ಸಂಜೆ ಮೊಮ್ಮಗಳ ಫೋನು ಬಂದಾಗಲೂ ಅಷ್ಟೇ ಬಿತ್ತು. ಗಾಬರಿಗೂ ಸಂತೋಷಕ್ಕೂ ಮೀಟರಿನಲ್ಲಿ ಒಂದೇ ಬೆಲೆ. ದೀರ್ಘವಾಗಿ ಉಸಿರೆಳೆದರೂ ಬೀಳುತ್ತದೆ.

ಇದು ತಿಳಿದ ಮೇಲೆ ಪಕ್ಕದ ಅಂಗಡಿಯವರು ಬಂದರು. ಗಲ್ಲಾದಲ್ಲಿ ದುಡ್ಡು ಕಮ್ಮಿ ಬಂದಿದೆ, ಕೆಲಸದ ಹುಡುಗನಿಗೆ ಕಟ್ಟಿ ಕೇಳೋಣ ಅಂತ. ಆಗಲ್ಲ ಅಂದೆ. ಕಳ್ಳತನ ಮಾಡದ ಹುಡುಗನ ಕೈಯೂ ಗಾಬರಿಗೆ ಬೆವರುತ್ತದೆ. ಸುಳ್ಳು ಪತ್ತೆ ಯಂತ್ರದಲ್ಲೂ ಇದೇ ಬೆವರಿನ ತಂತಿ ಇರುತ್ತದೆ. ಒಪ್ಪಿಗೆಯಿಲ್ಲದೆ ಅದಕ್ಕೆ ಯಾರನ್ನೂ ಕೂರಿಸುವಂತಿಲ್ಲ ಅಂತ ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಪಕ್ಕದ ಅಂಗಡಿಯವರು ಎರಡು ದಿನ ಮಾತು ಬಿಟ್ಟಿದ್ದರು.

ಅಂಕಿ ಯಾಕೆ ಬಿತ್ತು ಅನ್ನುವುದನ್ನು ಮೀಟರ್ ಹೇಳುವುದಿಲ್ಲ, ಹಾಗಾಗಿ ಅದರ ಪಕ್ಕ ಒಂದು ನೋಟ್‌ಬುಕ್ ಇಡಿ. ಸಮಯ, ಅಂಕಿ ಎಷ್ಟರಿಂದ ಎಷ್ಟಕ್ಕೆ ಬಿತ್ತು, ಆಗ ಏನು ಯೋಚಿಸುತ್ತಿದ್ದಿರಿ, ಅಷ್ಟು ಸಾಕು. ಬಲಗೈಯ ನಾಡಿಯನ್ನು ಇನ್ನೊಬ್ಬರು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ ಬರೆಯಲಿ. ಸುಮ್ಮನೆ ಕೂತಾಗ ದೊಡ್ಡವರಿಗೆ 60ರಿಂದ 100 ಸಾಮಾನ್ಯ. ಉಸಿರು ಒಳಗೆಳೆದಾಗ ನಾಡಿ ತುಸು ಚುರುಕಾಗಿ, ಬಿಟ್ಟಾಗ ನಿಧಾನವಾದರೆ ಹೆದರಬೇಡಿ, ಅದು ಇರಬೇಕಾದದ್ದೇ. ಎದೆನೋವು, ತಲೆಸುತ್ತು ಇದ್ದರೆ ಮಾತ್ರ ಫಾಯಿಲ್ ಕಿತ್ತೆಸೆದು ಡಾಕ್ಟರ ಹತ್ತಿರ ಓಡಿ.

ನಿಮ್ಮ 400ನ್ನು ಇನ್ನೊಬ್ಬರ 900ಕ್ಕೆ ಹೋಲಿಸಬೇಡಿ; ದೋಸೆ ಹುಯ್ಯುವ ಕೈಗೂ ಪೆನ್ನು ಹಿಡಿಯುವ ಕೈಗೂ ಚರ್ಮ ಬೇರೆ. ಮುಗಿದ ಮೇಲೆ ಗುಂಡಿ ಆಫ್‌ಗೆ ತಿರುಗಿಸಿ. ಮರೆತರೆ ಒಂಬತ್ತು ವೋಲ್ಟಿನ ಬ್ಯಾಟರಿ ದಂಡ.