ಫಜಿ ನಿಯಮಗಳಿಗೆ ‘ಬೇಡ’ ಸೇರಿಸಿದರೆ ಉತ್ತರ 50ಕ್ಕೇ ಅಂಟಿಕೊಳ್ಳುತ್ತಿತ್ತು: ಸರಿಯಾದ ಬಗೆ

ಫ್ಯಾನಿನ ವೇಗವನ್ನು (0ಯಿಂದ 100) ಫಜಿ ನಿಯಮಗಳಿಂದ, ಅಂದರೆ ಹೌದು/ಇಲ್ಲ ಬದಲು 0ಯಿಂದ 1ರ ನಡುವಿನ ಮಟ್ಟದಲ್ಲಿ ಅನ್ವಯಿಸುವ ನಿಯಮಗಳಿಂದ, ನಿರ್ಧರಿಸುತ್ತಿದ್ದೆ. ‘ಬಿಸಿ ಜಾಸ್ತಿಯಾದರೆ ವೇಗ ಜಾಸ್ತಿ’ ಥರದ ನಿಯಮಗಳು ಚೆನ್ನಾಗಿಯೇ ಓಡುತ್ತಿದ್ದವು. ‘ಕಂಪನ ಇದ್ದರೆ 60–70 ಬೇಡ’ ಎಂದು ಸೇರಿಸಿದ ಕೂಡಲೇ, ಇನ್‌ಪುಟ್ ಏನೇ ಇರಲಿ, ಉತ್ತರ ಸುಮಾರು 50.

ಮೆಂಬರ್‌ಶಿಪ್ (ಒಂದು ಬೆಲೆ ಒಂದು ವರ್ಗಕ್ಕೆ ಎಷ್ಟರ ಮಟ್ಟಿಗೆ ಸೇರುತ್ತದೆ ಎಂಬ 0–1 ಅಳತೆ) ಆಕಾರ ಬದಲಿಸಿದೆ, ನಿಯಮಗಳ ಫಲ ಸೇರಿಸಲು ಮ್ಯಾಕ್ಸ್ (ಎಲ್ಲಕ್ಕಿಂತ ದೊಡ್ಡದು) ಬದಲು ಮೊತ್ತ ಹಾಕಿದೆ. ಪ್ರಯೋಜನವಾಗಲಿಲ್ಲ.

ಕಾರಣ ಇಷ್ಟು: ‘ಬೇಡ’ ನಿಯಮ ಅನ್ವಯಿಸದಿದ್ದಾಗ ಎಲ್ಲ ವೇಗಕ್ಕೂ 1 ಕೊಡುತ್ತದೆ, ಅಂದರೆ ಯಾವುದಕ್ಕೂ ಅಡ್ಡಿಯಿಲ್ಲ. ಅದನ್ನು ಮ್ಯಾಕ್ಸ್‌ಗೆ ಹಾಕಿದರೆ ಉಳಿದ ನಿಯಮಗಳೆಲ್ಲ ಮುಳುಗಿ, ಎಲ್ಲ ವೇಗಕ್ಕೂ 1 ಉಳಿದು, ನಡುಬಿಂದು 50 ಬರುತ್ತದೆ ಅಲ್ವಾ?

ಎರಡು ಗುಂಪು ಮಾಡಿ. ‘ಬೇಕು’ ಗುಂಪು 0ಯಿಂದ ಶುರು: ಪ್ರತಿ ನಿಯಮಕ್ಕೆ ಷರತ್ತಿನ ಮಟ್ಟ, ಬೇಕಾದ ವೇಗದ ಮೆಂಬರ್‌ಶಿಪ್ ಎರಡರ ಮಿನ್ (ಚಿಕ್ಕದು), ಆಮೇಲೆ ಎಲ್ಲಕ್ಕೂ ಮ್ಯಾಕ್ಸ್. ‘ಬೇಡ’ ಗುಂಪು 1ರಿಂದ ಶುರು: ಷರತ್ತಿನ ಮಟ್ಟ ಅ, ನಿಷೇಧಿತ ವಲಯದ ಮೆಂಬರ್‌ಶಿಪ್ ಬ ಆದರೆ, ಮ್ಯಾಕ್ಸ್(1−ಅ, 1−ಬ), ಆಮೇಲೆ ಎಲ್ಲಕ್ಕೂ ಮಿನ್. ಕೊನೆಗೆ ಎರಡೂ ಗುಂಪಿನ ಫಲಿತಾಂಶಕ್ಕೆ ಮಿನ್. ಈ ಕ್ರಮ ತಪ್ಪಿಸಬೇಡಿ.

ಇಷ್ಟಾದರೂ ಇಡೀ ಫಲಿತಾಂಶಕ್ಕೆ ಸೆಂಟ್ರಾಯ್ಡ್ (ಆಕಾರದ ತೂಕದ ನಡುಬಿಂದು) ಬೇಡ. ಫಲಿತಾಂಶದ ಗ್ರಾಫ್‌ನಲ್ಲಿ ನಿಷೇಧಿತ ವಲಯದ ಎರಡೂ ಪಕ್ಕ ಗುಡ್ಡೆ ಉಳಿದರೆ ಅದರ ಉತ್ತರ ನೇರ 65ಕ್ಕೇ ಬೀಳಬಹುದು! ಎತ್ತರದ ಗುಡ್ಡೆ ಆರಿಸಿ, ಅದರೊಳಗೆ ಮಾತ್ರ ಸೆಂಟ್ರಾಯ್ಡ್ ತೆಗೆಯಿರಿ. ಎಲ್ಲ ಕಡೆ 0 ಬಂದರೆ ಯಾವ ‘ಬೇಕು’ ನಿಯಮವೂ ಅನ್ವಯಿಸಿಲ್ಲ, ಇಲ್ಲವೇ ನಿಯಮಗಳೇ ಒಂದಕ್ಕೊಂದು ವಿರುದ್ಧ. ಆಗ ಸುಮ್ನೆ ಹಳೇ ವೇಗ ಉಳಿಸಿ, ಎಚ್ಚರಿಕೆ ಲಾಗ್ ಮಾಡಿ.