ಹತ್ತಾರು ಸರ್ವರ್‌ಗಳ ಮೇಲೆ ಒಂದೇ ಕಡೆಯಿಂದ ನಿಗಾ ಇಡುವುದು ಹೇಗೆ?

ಒಂದೇ ಸರ್ವರ್ ಇದ್ದರೆ ಲಾಗಿನ್ ಆಗಿ 'ಟಾಪ್' ಕಮಾಂಡ್ ಕೊಟ್ಟರೆ ಸಾಕು, ಅದರ ಸಿಪಿಯು, ಮೆಮೊರಿ ಬಳಕೆ ಕಾಣುತ್ತದೆ. ಕೆಲಸ ಹತ್ತಾರು ಸರ್ವರ್‌ಗಳಿಗೆ ಹಂಚಿಹೋಗಿದ್ದರೆ? ಆಗ ಎಲ್ಲದರ ಅಂಕಿಗಳನ್ನೂ ಒಂದು ಕಡೆ ತಂದು ಹಾಕುವ ಮಾನಿಟರಿಂಗ್ (ನಿಗಾ ಇಡುವ) ತಂತ್ರಾಂಶ ಬೇಕೇ ಬೇಕು. ಉಚಿತವಾಗಿ ಸಿಗುವವುಗಳಲ್ಲಿ ನನ್ನ ಆಯ್ಕೆ ಪ್ರೊಮಿಥಿಯಸ್. 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಶುರುವಾದ ಓಪನ್ ಸೋರ್ಸ್ ತಂತ್ರಾಂಶವಿದು.

ಮೊದಲು ಪ್ರತಿ ಲಿನಕ್ಸ್ ಸರ್ವರ್‌ನಲ್ಲೂ 'ನೋಡ್ ಎಕ್ಸ್‌ಪೋರ್ಟರ್' ಎಂಬ ಪುಟ್ಟ ಪ್ರೋಗ್ರಾಂ ಹಾಕಿ. ಸಿಪಿಯು, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಅಂಕಿಗಳನ್ನು ಅದು 9100ನೇ ಪೋರ್ಟ್‌ನಲ್ಲಿ ತೋರಿಸುತ್ತದೆ. ನೀವಾಗಿ ಹಾಕದಿದ್ದರೆ ಅದಕ್ಕೆ ಪಾಸ್‌ವರ್ಡ್ ಇರುವುದಿಲ್ಲ. ಹಾಗಾಗಿ ಹೊರಗಿನವರಿಗೆ ಸಿಗದಂತೆ ಫೈರ್‌ವಾಲ್‌ನಲ್ಲಿ ಮುಚ್ಚಿಬಿಡಿ.

ಆಮೇಲೆ ಬೇರೊಂದು ಮಶೀನಿನಲ್ಲಿ ಪ್ರೊಮಿಥಿಯಸ್ ಹಾಕಿ, ಅದರ ಕಾನ್ಫಿಗ್ ಫೈಲಿನಲ್ಲಿ ಸರ್ವರ್‌ಗಳ ವಿಳಾಸ ಬರೆಯಿರಿ. 15 ಸೆಕೆಂಡಿಗೊಮ್ಮೆ ಅದೇ ಹೋಗಿ ಅಂಕಿ ಕೇಳಿ ತರುವಂತೆ ಹೇಳಿ. ಸರ್ವರ್ ಉತ್ತರ ಕೊಟ್ಟರೆ 'ಅಪ್' ಎಂಬ ಅಂಕಿ 1, ಕೊಡದಿದ್ದರೆ 0. ಸರ್ವರ್‌ಗಳೇ ತಾವಾಗಿ ಅಂಕಿ ಕಳಿಸುವ ಪದ್ಧತಿಯೂ ಇದೆ. ಆದರೆ ಅಲ್ಲಿ ಅಂಕಿ ಬರದಿದ್ದರೆ ಸರ್ವರ್ ಸತ್ತಿದೆಯೋ, ನಾವೇ ತೆಗೆದುಹಾಕಿದ್ದೋ ಗೊತ್ತಾಗುವುದು ಕಷ್ಟ, ಅಲ್ವಾ?

ಅಂಕಿ ಬಂತು. ಯಾವುದನ್ನು ನೋಡಬೇಕು? ಮೆಮೊರಿಯಲ್ಲಿ 'ಫ್ರೀ' ಕಡಿಮೆ ಇದೆ ಎಂದು ಹೆದರಬೇಡಿ. ಲಿನಕ್ಸ್ ಖಾಲಿ ಜಾಗವನ್ನು ಸುಮ್ನೆ ಬಿಡದೆ ಫೈಲ್ ಕ್ಯಾಶ್‌ಗೆ (ಓದಿದ ಫೈಲ್‌ಗಳನ್ನು ಮೆಮೊರಿಯಲ್ಲೇ ಇಟ್ಟುಕೊಳ್ಳಲು) ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದ್ದು 'ಅವೈಲಬಲ್', ಅಂದರೆ ಬೇಕೆಂದಾಗ ಸಿಗುವ ಮೆಮೊರಿ. ಡಿಸ್ಕ್ ವಿಷಯದಲ್ಲಿ 90% ತುಂಬಿದಾಗ ಕೂಗಿಕೊಳ್ಳುವುದಕ್ಕಿಂತ, ಕಳೆದ ಕೆಲವು ಗಂಟೆಗಳ ವೇಗ ನೋಡಿ ಇನ್ನೆಷ್ಟು ಹೊತ್ತಿಗೆ ತುಂಬುತ್ತದೆ ಎಂದು ಅಂದಾಜು ಮಾಡುವುದು ಲೇಸು. ಅದಕ್ಕೆ 'ಪ್ರೆಡಿಕ್ಟ್ ಲೀನಿಯರ್' ಎಂಬ ಫಂಕ್ಷನ್ ಇದೆ.

ಅಲರ್ಟ್ ಇಡುವಾಗ ಕೈ ಬಿಗಿ ಇರಲಿ. ಸಿಪಿಯು ಒಂದು ಕ್ಷಣ ಏರಿದ್ದಕ್ಕೆಲ್ಲ ಮೆಸೇಜ್ ಬಂದರೆ ನಾಳೆಯಿಂದ ಯಾರೂ ತೆರೆದು ನೋಡುವುದಿಲ್ಲ. ನಿಯಮದಲ್ಲಿ 'ಫಾರ್' ಎಂದು 5 ನಿಮಿಷ ಕೊಟ್ಟರೆ, ತೊಂದರೆ ಅಷ್ಟು ಹೊತ್ತು ಮುಂದುವರಿದರೆ ಮಾತ್ರ ಅಲರ್ಟ್ ಏಳುತ್ತದೆ. ಒಂದೇ ಕಾರಣಕ್ಕೆ ಎದ್ದ ಹತ್ತು ಅಲರ್ಟ್‌ಗಳನ್ನು ಒಟ್ಟುಗೂಡಿಸಿ ಕಳಿಸುವುದು ಪ್ರೊಮಿಥಿಯಸ್‌ನ ಜೊತೆಗಾರ ಪ್ರೋಗ್ರಾಂ 'ಅಲರ್ಟ್‌ಮ್ಯಾನೇಜರ್' ಕೆಲಸ.

ಅಂಕಿ ಯಾವುದರದ್ದು ಎಂದು ಗುರುತಿಸಲು ಅದಕ್ಕೆ ಅಂಟಿಸುವ ಲೇಬಲ್‌ನಲ್ಲಿ ಬಳಕೆದಾರರ ಐಡಿಯನ್ನಂತೂ ಹಾಕಬೇಡಿ. ಪ್ರತಿ ಐಡಿಗೂ ಅಂಕಿಗಳ ಬೇರೆ ಸರಣಿ ಹುಟ್ಟಿ ಪ್ರೊಮಿಥಿಯಸ್‌ನ ಮೆಮೊರಿಯೇ ಮುಗಿದೀತು. ಹಳೆಯ ಅಂಕಿಗಳನ್ನು ಅದು ಇಟ್ಟುಕೊಳ್ಳುವುದು 15 ದಿನ. ಜಾಸ್ತಿ ಬೇಕಿದ್ದರೆ ಶುರು ಮಾಡುವಾಗಲೇ ಬದಲಿಸಿಕೊಳ್ಳಿ.

ಇನ್ನು ಪ್ರೊಮಿಥಿಯಸ್ಸೇ ನಿಂತರೆ ಅಲರ್ಟ್ ಕಳಿಸುವವರೇ ಇರುವುದಿಲ್ಲ. ಬೇರೆ ಮಶೀನಿನಲ್ಲಿ ಇನ್ನೊಂದು ಪ್ರೊಮಿಥಿಯಸ್ ಹಾಕಿ, ಎರಡೂ ಒಂದರ 'ಅಪ್' ಅನ್ನು ಇನ್ನೊಂದು ನೋಡುವಂತೆ ಮಾಡಿ.